ಏಳು ನಿಮಿಷದ ಊಟ

ನನ್ನ ಬೆಲ್ಟಿಗೆ ಒಂಬತ್ತು ತೂತುಗಳಿವೆ. ಐದು ಅಂಗಡಿಯಿಂದಲೇ ಬಂದವು. ಉಳಿದ ನಾಲ್ಕನ್ನು ನಾನೇ ಮೊಳೆ ಕಾಯಿಸಿ ಚುಚ್ಚಿದ್ದು. ಅವು ಒಂದು ಸಾಲಿನಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಕುಡಿದು ಮನೆಗೆ ಹೊರಟವನ ಹೆಜ್ಜೆಗಳ ಹಾಗಿವೆ. ಮೊನ್ನೆ ರಾತ್ರಿಯ ಊಟವಾದ ಮೇಲೆ ಅಂಗಿ ತೆಗೆಯಲು ಕಪಾಟಿನ ಬಾಗಿಲು ಎಳೆದೆ, ಗೂಟದಿಂದ ಜಾರಿ ಬೆಲ್ಟು ಕಾಲ ಮೇಲೆ ಬಿತ್ತು. ಸುಮ್ಮನೆ ಸೊಂಟಕ್ಕೆ ಸುತ್ತಿ ನೋಡಿದೆ. ಮೂರನೆಯ ತೂತಿಗೆ ಬಂದು ಕೂತಿತು. ಊಟವಾದ ಮೇಲೆ, ಮೂರನೆಯ ತೂತು. ಇದರಲ್ಲೇನು ದೊಡ್ಡ ಸಂಗತಿ ಎಂದು ನಿಮಗೆ ಅನ್ನಿಸಿದ್ದರೆ ನಿಮ್ಮ ಹೊಟ್ಟೆ ಪುಣ್ಯ ಮಾಡಿದೆ, ಅಷ್ಟೆ.

ಹೊಟ್ಟೆ ಉಬ್ಬರ ಎಂಬ ಕಾಯಿಲೆಗೆ ಮರ್ಯಾದೆಯಿಲ್ಲ. ಜ್ವರ ಬಂದರೆ ಜನ ಹಣೆ ಮುಟ್ಟುತ್ತಾರೆ, ಕಾಲು ಮುರಿದರೆ ಹಣ್ಣು ತರುತ್ತಾರೆ. ಹೊಟ್ಟೆ ಉಬ್ಬಿದೆ ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎರಡು ವರ್ಷ ನಾನು ಬೆಳಿಗ್ಗೆ ಮೂರನೆಯ ತೂತಿನ ಮನುಷ್ಯನಾಗಿ ಮನೆ ಬಿಟ್ಟು, ಮಧ್ಯಾಹ್ನ ಆರನೆಯದಕ್ಕೆ ಬಡ್ತಿ ಪಡೆದು, ಸಂಜೆ ಒಂಬತ್ತನೆಯದಕ್ಕೆ ತಲುಪಿ ಮನೆಗೆ ಬರುತ್ತಿದ್ದೆ. ಕೈ ಕಾಲು ಅಗರಬತ್ತಿ, ನಡುವೆ ಮಾತ್ರ ನಗಾರಿ.

ನನ್ನ ಕೆಲಸ ಮಾನ್ವಿಯ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮಾರುವುದು ಹೊಟ್ಟೆಪಾಡು, ಅಣಕಿಸುವುದು ಚಟ. ಥಂಡಿಯಲ್ಲಿ ಹಳೆಯ ಟ್ರ್ಯಾಕ್ಟರು ಹೇಗೆ ಕೆಮ್ಮಿ ಕೆಮ್ಮಿ ಏಳುತ್ತದೆ, ನಮ್ಮ ಮ್ಯಾನೇಜರು ದೊಡ್ಡ ಸಾಹೇಬರ ಫೋನು ಬಂದರೆ ಹೇಗೆ ಧ್ವನಿಯನ್ನು ದಾರದಷ್ಟು ತೆಳ್ಳಗೆ ಮಾಡುತ್ತಾರೆ, ಬಸ್ಸಿನ ಕಂಡಕ್ಟರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಗೆ ಮಂದಿಯನ್ನು ಹಿಂದಕ್ಕೆ ಒತ್ತುತ್ತಾನೆ, ಎಲ್ಲವೂ ನನಗೆ ಬಾಯಿಪಾಠ. ಗಿರಾಕಿ ನಕ್ಕರೆ ಅರ್ಧ ವ್ಯಾಪಾರ ಆದಂತೆ ಎಂದು ನಂಬಿದವನು ನಾನು. ಆದರೆ ಟ್ರ್ಯಾಕ್ಟರು ಮಾರಲು ಹೋಗಿದ್ದ ಮಲ್ಲಟದಲ್ಲಿ ಒಬ್ಬ ಹಿರಿಯರು ನನ್ನ ಭಾಷಣವನ್ನೆಲ್ಲ ಕಟ್ಟೆಯ ಮೇಲೆ ಕೂತು ಶಾಂತವಾಗಿ ಕೇಳಿ, ಕೊನೆಗೆ ನನ್ನ ಅಂಗಿಯ ನಾಲ್ಕನೆಯ ಗುಂಡಿಯತ್ತ ಬೆರಳು ಮಾಡಿದರು.

"ಟ್ರ್ಯಾಕ್ಟರಿಂದು ಆಮ್ಯಾಲ ಹೇಳ್ರಿ ತಮ್ಮಾ. ಇದು ಎಷ್ಟು ಎಚ್‌ಪಿದು ಅದ?"

ಕಟ್ಟೆಯೆಲ್ಲ ನಕ್ಕಿತು. ಊರನ್ನು ನಗಿಸುವವನಿಗೆ ಊರು ತನ್ನನ್ನು ನೋಡಿ ನಕ್ಕರೆ ಹೇಗಿರುತ್ತದೆ ಎಂದು ಅಂದು ಸ್ವಲ್ಪ ಗೊತ್ತಾಯಿತು. ಆದರೆ ನಾನು ಅದರಿಂದ ಏನನ್ನೂ ಕಲಿಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಆ ಹಿರಿಯರ ಧ್ವನಿಯನ್ನೇ ಅಭ್ಯಾಸ ಮಾಡಿಕೊಂಡೆ.

ಔಷಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಕಂಡಕ್ಟರು ಎಡಮಗ್ಗುಲಾಗಿ ಮಲಗಲು ಹೇಳಿದ. ಪಕ್ಕದ ಮನೆಯವರು ಹೊಕ್ಕುಳಿಗೆ ಇಂಗು ಹಚ್ಚಿಸಿದರು. ಆ ದಿನ ಶೋರೂಮಿನಲ್ಲಿ ಎಲ್ಲರಿಗೂ ಒಗ್ಗರಣೆಯ ನೆನಪಾಯಿತು. ನಾನೇ ಕಂಡುಕೊಂಡ ಔಷಧಿಯೆಂದರೆ ಸೋಡಾ. ಬಸ್ ಸ್ಟ್ಯಾಂಡಿನ ಹೊರಗೆ ಲಿಂಬು, ಉಪ್ಪು ಹಾಕಿದ ಸೋಡಾ ಎತ್ತಿ ಗಟಗಟನೆ ಕುಡಿದು, ಡರ್ರೆಂದು ಒಂದು ತೇಗು ತೇಗಿ, ಸ್ವರ್ಗವೇ ಕಂಡಿತು ಎಂದುಕೊಳ್ಳುತ್ತಿದ್ದೆ. ಹತ್ತು ನಿಮಿಷಕ್ಕೆ ಸ್ವರ್ಗ ಮುಗಿದು ಬೆಲ್ಟು ಒಂದು ತೂತು ಮುಂದೆ ಹೋಗುತ್ತಿತ್ತು. ಗಾಳಿ ಹೊರಗೆ ಹೋಗಲಿ ಎಂದು ಗಾಳಿಯನ್ನೇ ಕುಡಿಯುತ್ತಿದ್ದೇನೆ ಎಂಬುದು ಡಿಪ್ಲೊಮಾ ಮಾಡಿದ ನನಗೆ ಎರಡು ವರ್ಷ ಹೊಳೆಯಲಿಲ್ಲ. ಅದರ ಮೇಲೆ ಹಳ್ಳಿಗಳ ಚಹಾ. ಗುಂಜಹಳ್ಳಿಯಲ್ಲಿ ಒಂದು ಟ್ರ್ಯಾಕ್ಟರು ತೋರಿಸಲು ಹೋದರೆ ನಾಲ್ಕು ಮನೆಯ ಚಹಾ; ಬಸಿ ತಟ್ಟೆಗೆ ಸುರುವಿ ಸುರ್ರನೆ ಎಳೆಯದಿದ್ದರೆ ಕೊಟ್ಟವರಿಗೆ ಸಮಾಧಾನವಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇಷ್ಟೆಲ್ಲ ಆದಮೇಲೆ ನಾನು ಹೊಟ್ಟೆಗೆ ಬೈಯುತ್ತಿದ್ದೆ.

ಕೊನೆಗೆ ಹೆದರಿಕೆಯೇ ನನ್ನನ್ನು ಡಾಕ್ಟರ ಬಳಿಗೆ ಒಯ್ದಿತು. ಒಳಗೆ ಏನೋ ಬೆಳೆಯುತ್ತಿದೆ ಎಂದು ಮನಸ್ಸು ಹೇಳತೊಡಗಿತ್ತು. ಡಾಕ್ಟರು ಹೊಟ್ಟೆ ಬಡಿದು ನೋಡಿ, ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಏನೂ ಇಲ್ಲ. ಗಾಳಿ," ಎಂದರು.

ಎರಡು ವರ್ಷ ಹೊತ್ತು ತಿರುಗಿದ್ದು ಬರೀ ಗಾಳಿ ಎಂದು ತಿಳಿದಾಗ ಹಗುರವಾಯಿತು, ಜೊತೆಗೆ ಸ್ವಲ್ಪ ಅವಮಾನವೂ ಆಯಿತು.

"ಊಟಕ್ಕ ಎಷ್ಟು ಹೊತ್ತು ತೊಗೋತೀರಿ?"

"ಏಳು ನಿಮಿಷ ರೀ."

ಅವರು ಪೆನ್ನು ಕೆಳಗಿಟ್ಟರು. "ಅಷ್ಟು ಬರೋಬ್ಬರಿ ಹೆಂಗ ಹೇಳ್ತೀರಿ?"

ಅದನ್ನು ಹೇಳಬೇಕಾದರೆ ಶಕ್ತಿನಗರಕ್ಕೆ ಹೋಗಬೇಕು. ನಾನು ಚಿಕ್ಕವನಿದ್ದಾಗ ನಾವು ಅಲ್ಲೇ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ; ಕಲ್ಲಿದ್ದಲು ಸಾಗುವ ಕನ್ವೇಯರಿನ ಮುಂದೆ ನಿಲ್ಲುವುದು ಅವನ ಕೆಲಸ. ಒಣಹಾಕಿದ ಅಂಗಿಯನ್ನು ಅವ್ವ ಎರಡು ಸಲ ಝಾಡಿಸಿಯೇ ಒಳಗೆ ತರುತ್ತಿದ್ದಳು, ಬೂದಿ ಉದುರಲೆಂದು. ನಾನು ಬೂದಿ ಕೂತ ಕಿಟಕಿಯ ಮೇಲೆ ಬೆರಳಿಂದ ಅಕ್ಷರ ಕಲಿತವನು. ಕನ್ವೇಯರ್ ಓಡುತ್ತಿರುವಾಗ ಅದನ್ನು ಬಿಟ್ಟು ಬರುವ ಹಾಗಿಲ್ಲ, ಆದ್ದರಿಂದ ಅಪ್ಪನ ಊಟ ಏಳು ನಿಮಿಷದ್ದು. ಮನೆಯಲ್ಲೂ ಅದೇ ಲೆಕ್ಕ. ಕಟಕ ರೊಟ್ಟಿಯನ್ನು ಲಟಲಟ ಮುರಿದು, ಬ್ಯಾಳಿ ಸಾರಿನಲ್ಲಿ ಮುಳುಗಿಸಿ, ಅಗಿಯುವ ಕೆಲಸವನ್ನು ಹೊಟ್ಟೆಗೇ ಬಿಟ್ಟು ನುಂಗುತ್ತಿದ್ದ. ಆಮೇಲೆ ತಂಬಿಗೆಯನ್ನು ಮಾರುದ್ದ ಎತ್ತಿ, ತುಟಿಗೆ ತಾಗಿಸದೆ, ನೀರನ್ನು ಗಂಟಲಿಗೆ ನೇರವಾಗಿ ಬಿಡುತ್ತಿದ್ದ. ಸ್ಥಾವರದಲ್ಲಿ ಎಲ್ಲರಿಗೂ ಒಂದೇ ಬಾಟಲಿ, ಎಂಜಲಾಗಬಾರದೆಂದು ಬಂದ ರೂಢಿ ಅದು. ನೀರಿನ ಜೊತೆ ಎಷ್ಟು ಗಾಳಿ ಹೋಗುತ್ತಿತ್ತೋ ದೇವರೇ ಬಲ್ಲ. ನಾನು ಅವನೆದುರು ಕೂತು ಉಣ್ಣಲು ಕಲಿತೆ. ಯಾರೂ ಕಲಿಸಲಿಲ್ಲ. ಅಣಕಿಸುವವನಿಗೆ ಕಲಿಸುವುದು ಬೇಕಾಗುವುದಿಲ್ಲ.

ಈಗ ನಾವು ರಾಯಚೂರಿನಲ್ಲಿದ್ದೇವೆ, ಅಪ್ಪ ಕೆಲಸ ಬಿಟ್ಟಿದ್ದಾನೆ. ಏಳು ನಿಮಿಷ ಮಾತ್ರ ಅವನನ್ನು ಬಿಡಲಿಲ್ಲ.

ಕಳೆದ ವರ್ಷ ದೇವದುರ್ಗದಲ್ಲಿ ನಮ್ಮ ಅತ್ತೆಯ ಮಗಳ ನಿಶ್ಚಿತಾರ್ಥವಾಯಿತು. ಬೀಗರ ಊಟ ತಡವಾಗಿತ್ತು, ಮಂದಿ ಬೇಸರಪಟ್ಟಿತ್ತು. ಯಾರೋ ನನ್ನ ಕೈಗೆ ಮೈಕು ಕೊಟ್ಟರು. ಕಂಡಕ್ಟರನ್ನು ಮಾಡಿದೆ, ಮ್ಯಾನೇಜರನ್ನು ಮಾಡಿದೆ, ಕೆಮ್ಮುವ ಟ್ರ್ಯಾಕ್ಟರನ್ನು ಮಾಡಿದೆ. ಸರಕು ಮುಗಿಯಿತು, ಊಟ ಇನ್ನೂ ಬಂದಿರಲಿಲ್ಲ. ಆಗ ಮಾಡಿದೆ, "ನಮ್ಮಪ್ಪನ ಊಟ." ರೊಟ್ಟಿ ಮುರಿಯುವ ಸದ್ದು, ನುಂಗುವಾಗ ಕತ್ತು ಕೋಳಿಯ ಹಾಗೆ ಮುಂದಕ್ಕೆ ಹೋಗುವುದು, ತಂಬಿಗೆ, ಗಟಗಟ, ಮೂರು ಅಳತೆಯ ಮೂರು ತೇಗು, ಮೊಳಕಾಲಿಗೆ ಕೈ ಒರೆಸಿ ಓಡುವುದು. ಚಪ್ಪರ ಬೀಳುವ ಹಾಗೆ ನಕ್ಕರು. ಅಪ್ಪ ಎರಡನೆಯ ಸಾಲಿನಲ್ಲಿದ್ದ. ಅವನೂ ನಕ್ಕ. ಅದನ್ನು ನೋಡಿಯೇ ನಾನು ಮತ್ತೊಂದು ಸಲ ಮಾಡಿದೆ.

ಮರುದಿನ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ತನ್ನ ಗಂಗಾಳ ಎತ್ತಿಕೊಂಡು ಹಿತ್ತಲಿಗೆ ಹೋದ. ನೀರಿನ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ ಕೂತು ಉಂಡ. ಸೆಕೆಗೆ ಹೋಗಿರಬೇಕು ಎಂದುಕೊಂಡೆ. ಥಂಡಿ ಬಂದಾಗಲೂ ಅಲ್ಲೇ ಉಂಡ. ನನ್ನ ಜೊತೆ ಮಾತಾಡುತ್ತಿದ್ದ, ಬಸ್ಸು ಸಿಕ್ಕಿತೇ ಎಂದು ಕೇಳುತ್ತಿದ್ದ, ನನ್ನ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಊಟ ಮಾತ್ರ ನನ್ನ ಕಣ್ಣೆದುರು ಮಾಡಲಿಲ್ಲ. ಆ ಹುಡುಗಿಯ ಮದುವೆಗೂ ಅವನು ದೇವದುರ್ಗಕ್ಕೆ ಬರಲಿಲ್ಲ, ಮೊಳಕಾಲು ನೋವು ಎಂದ.

"ನಿಮ್ಮಪ್ಪ ಒಂದು ರೊಟ್ಟಿ ಕಡಿಮಿ ಮಾಡ್ಯಾನ," ಎಂದು ಅವ್ವ ಒಂದು ದಿನ ಹೇಳಿದಳು. ಇನ್ನೊಂದು ದಿನ ಎರಡು ಎಂದಳು. ನಾನು ಕ್ಷಮೆ ಕೇಳಬೇಕೆಂದು ಹತ್ತು ಸಲ ಹೊರಟೆ. ನನಗೆ ಎಲ್ಲರ ಧ್ವನಿಯೂ ಬರುತ್ತದೆ; ಕ್ಷಮೆ ಕೇಳುವುದಕ್ಕೆ ಬೇಕಾದದ್ದು ನನ್ನದೇ ಧ್ವನಿ, ಅದನ್ನು ಎಲ್ಲಿಟ್ಟಿದ್ದೇನೆಂದು ನೆನಪಿರಲಿಲ್ಲ.

ಡಾಕ್ಟರಿಗೆ ಇಷ್ಟೆಲ್ಲ ಹೇಳಲಿಲ್ಲ ಬಿಡಿ. ಮನೆಯ ರೂಢಿ ರೀ ಎಂದೆ. ಅವರು ಮಾತ್ರೆ ಬರೆದದ್ದು ಕಡಿಮೆ, ಬೈದದ್ದು ಹೆಚ್ಚು. ಸೋಡಾ ಬಂದ್. ಚಹಾ ಎರಡಕ್ಕೆ ನಿಲ್ಲಬೇಕು. ನೀರನ್ನು ಲೋಟಕ್ಕೆ ತುಟಿ ಹಚ್ಚಿ ಗುಟುಕು ಗುಟುಕಾಗಿ ಕುಡಿಯಬೇಕು. ಕಾಳು ನೆನೆಸಿ ಚೆನ್ನಾಗಿ ಬೇಯಿಸಿ ತಿನ್ನಿ, ಯಾವುದು ತಿಂದ ದಿನ ಉಬ್ಬುತ್ತದೋ ನೀವೇ ನೋಡಿಕೊಳ್ಳಿ, ನನ್ನನ್ನು ಕೇಳಬೇಡಿ ಎಂದರು. ಉಂಡ ತಕ್ಷಣ ಮಲಗದೆ ಸ್ವಲ್ಪ ಅಡ್ಡಾಡಬೇಕು. ಇದೆಲ್ಲ ಸುಲಭ. ಕಷ್ಟವಾದದ್ದು ಒಂದೇ, ನಿಧಾನವಾಗಿ ಅಗಿಯುವುದು. ಮನೆಯಲ್ಲಿ ಪ್ರಯತ್ನಿಸಿದೆ. ಅಗಿತಗಳನ್ನು ಎಣಿಸುತ್ತ ಹೋದರೆ ಹದಿನಾಲ್ಕಕ್ಕೇ ತುತ್ತು ತಾನಾಗಿಯೇ ಜಾರಿ ಹೋಗುತ್ತಿತ್ತು, ನಾನು ಬರೀ ಬಾಯಿಯಲ್ಲಿ ಮೂವತ್ತರವರೆಗೆ ಮುಗಿಸುತ್ತಿದ್ದೆ.

ನನ್ನ ಹಲ್ಲಿಗೆ ಬುದ್ಧಿ ಕಲಿಸಿದವರು ಮಕ್ಬೂಲನ ತಾಯಿ. ಮಕ್ಬೂಲ್ ನಮ್ಮ ಶೋರೂಮಿನ ಮೆಕ್ಯಾನಿಕ್, ಮನೆ ರಾಯಚೂರಿನಲ್ಲೇ. ಅವನ ತಾಯಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ಅವರಲ್ಲಿ ಊಟಕ್ಕೆ ಕರೆದರು. ಚಾದರ ಹಾಸಿ, ನಡುವೆ ಒಂದೇ ದೊಡ್ಡ ತಾಟು, ಸುತ್ತ ನಾವು ನಾಲ್ವರು: ನಾನು, ಮಕ್ಬೂಲ್, ಖಾಲಾ ಮತ್ತು ಖಾಲಾರ ತಾಯಿ, ಅಂದರೆ ನಾನಿ. ನಾನಿಗೆ ಉಳಿದಿರುವುದು ಎರಡು ಹಲ್ಲು, ಅವೂ ಎದುರುಬದುರು ಅಲ್ಲ. ನಾನು ರೂಢಿಯಂತೆ ಬಲೆ ಬೀಸಿದ ಹಾಗೆ ತಾಟಿಗೆ ಕೈ ಹಾಕಿದೆ. ಎರಡನೆಯ ತುತ್ತಿಗೆ ಕೈ ಹಾಕುವಷ್ಟರಲ್ಲಿ ಖಾಲಾ ನನ್ನ ಮಣಿಕಟ್ಟನ್ನು ಮೆಲ್ಲಗೆ ತಟ್ಟಿದರು.

"ಅರೇ ಬೇಟಾ, ನಿನ್ನ ಹಿಂದ ಯಾರರ ಓಡಿ ಬರಾಕತ್ತಾರೇನು?"

"ಇಲ್ಲ ಖಾಲಾ, ಹಸಿವು."

"ಹಸಿವು ಎಲ್ಲಾರಿಗೂ ಅದ. ಅಮ್ಮೀ ನುಂಗೋತನಕ ಕೈ ತಾಟಿಗೆ ಬರಬಾರ್ದು. ನಮ್ಮ ಮನ್ಯಾಗ ಹಂಗ ಅದ."

ಅವರ ಅಮ್ಮೀ, ಅಂದರೆ ನಾನಿ, ಇನ್ನೂ ಅಗಿಯುತ್ತಿದ್ದರು. ಇಡೀ ತಾಟು ಆ ಎರಡು ಹಲ್ಲುಗಳಿಗಾಗಿ ಕಾಯುತ್ತಿತ್ತು. ಕಾಯುವಾಗ ಸುಮ್ಮನಿರಲಾರದೆ ನಾನು ಕಂಡಕ್ಟರ ಧ್ವನಿ ತೆಗೆದೆ. ಖಾಲಾ ಮತ್ತೆ ತಟ್ಟಿದರು. "ನಕಲು ಊಟದ ಮ್ಯಾಲ. ಬಾಯಾಗ ತುತ್ತು ಇಟಗೊಂಡು ಮಾತಾಡಿದ್ರ ಪೂರಾ ಹವಾ ಒಳಗ ಹೋಗ್ತದ, ಆಮ್ಯಾಲ ನೀನ ಒದ್ದಾಡ್ತಿ." ಡಾಕ್ಟರು ಸ್ಕ್ಯಾನು ಮಾಡಿಸಿ ಕಂಡುಹಿಡಿದದ್ದನ್ನು ಖಾಲಾ ನನ್ನ ಬಾಯಿ ನೋಡಿಯೇ ಹೇಳಿಬಿಟ್ಟರು. ಬೇರೆ ಕೆಲಸವಿಲ್ಲದೆ ನಾನೂ ಅಗಿದೆ. ಆಗ ಗೊತ್ತಾಯಿತು, ಅನ್ನಕ್ಕೆ ಸಿಹಿಯಿದೆ. ಇಪ್ಪತ್ತಾರು ವರ್ಷ ನುಂಗಿದ್ದೆ, ಗೊತ್ತಾಗಿರಲಿಲ್ಲ. ಅಂದು ಸಂಜೆ ಬೆಲ್ಟು ಐದಕ್ಕೆ ನಿಂತಿತು. ಆಮೇಲೆ ನಾಲ್ಕೈದು ಭಾನುವಾರ ನಾಚಿಕೆ ಬಿಟ್ಟು ಅಲ್ಲೇ ಉಂಡೆ. ನಾನಿ ಊರಿಗೆ ಹೋದರೆ ಏನು ಗತಿ ಎಂದು ಚಿಂತೆಯಾಗುತ್ತಿತ್ತು.

ಹೀಗೆ ನನ್ನ ಹೊಟ್ಟೆ ಇಳಿಯುತ್ತ ಬಂತು. ಹಿತ್ತಲ ಕಟ್ಟೆಯ ಮೇಲೆ ಅಪ್ಪನ ಬೆನ್ನು ಹಾಗೆಯೇ ಇತ್ತು.

ಆ ಹೊತ್ತಿಗೆ ದೇವದುರ್ಗದ ಅತ್ತೆ ಮಗಳ ಮದುವೆಯ ವಿಡಿಯೋ ಕಳಿಸಿದಳು. ಅವ್ವನೂ ನಾನೂ ಫೋನಿನಲ್ಲಿ ನೋಡುತ್ತ ಕೂತೆವು. ಊಟದ ಪಂಕ್ತಿ ಬಂತು. ಒಬ್ಬ ಮನುಷ್ಯ ತಲೆ ತಗ್ಗಿಸಿ ಲಟಲಟ ರೊಟ್ಟಿ ಮುರಿಯುತ್ತಿದ್ದ. ಕತ್ತು ಮುಂದಕ್ಕೆ ಹೋಗುತ್ತಿತ್ತು. ನೀರಿನ ಬಾಟಲಿ ಮಾರುದ್ದ ಮೇಲೆದ್ದಿತು. ಕೊನೆಗೆ ಮೊಳಕಾಲಿಗೆ ಕೈ ಒರೆಸಿಕೊಂಡ.

ಅವ್ವ ಕನ್ನಡಕ ಸರಿಮಾಡಿಕೊಂಡಳು. "ನಿಮ್ಮಪ್ಪ ಯಾವಾಗ ಹೋಗಿದ್ದ ಈ ಮದುವಿಗಿ?"

ಅದು ನಾನು. ಅಂದು ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ. ಹಸಿದಿದ್ದೆ, ಉಣ್ಣುತ್ತಿದ್ದೆ, ಅಷ್ಟೆ.

ಮುಂದಿನ ಭಾನುವಾರ ಮಧ್ಯಾಹ್ನ ನನ್ನ ಗಂಗಾಳ ಹಿಡಿದು ಹಿತ್ತಲಿಗೆ ಹೋದೆ. ಅಪ್ಪ ತಿರುಗಿ ನೋಡಿದ.

"ಯಾಕ ಬಂದಿ? ಒಳಗ ಫ್ಯಾನ್ ಅದ ಅಲ್ಲ."

"ಇಲ್ಲಿ ಗಾಳಿ ಛಲೋ ಅದ."

"ಗಾಳಿ ನಿನಗ ಕೂಡಂಗಿಲ್ಲಂತ ಡಾಕ್ಟ್ರು ಹೇಳ್ಯಾರಂತಲ್ಲ," ಎಂದ. ಸರಿದು ಜಾಗ ಮಾತ್ರ ಕೊಡಲಿಲ್ಲ. ನಾನು ಕಟ್ಟೆಯ ತುದಿಯಲ್ಲಿ ಅರ್ಧ ಕೂತು, ಫೋನು ತೆಗೆದು, ಆ ಪಂಕ್ತಿಯನ್ನು ಹಚ್ಚಿ ಅವನ ಮುಂದೆ ಹಿಡಿದೆ. ಅಪ್ಪ ನೋಡಿದ. ಇನ್ನೊಮ್ಮೆ ಹಚ್ಚಲು ಹೇಳಿ ನೋಡಿದ.

"ಇದರಾಗೂ ನನ್ನ ಅಣಕ ಮಾಡೀಯೇನು?"

"ಅಣಕ ಅಲ್ಲ ಯಪ್ಪಾ. ನಾ ಉಣ್ಣೂದ ಹಂಗ. ಅವತ್ತು ನಾ ನಿನ್ನ ತೋರಿಸ್ದೆ ಅಂದಕೊಂಡೆ. ನನ್ನ ನಾ ತೋರಿಸ್ಕೊಂಡೆ. ತಪ್ಪಾತು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಕೈಯ ತುಂಡನ್ನು ಗಂಗಾಳದಲ್ಲಿಟ್ಟು ಹೇಳಿದ, "ಮಂದಿ ನಕ್ಕಿದ್ದಕ್ಕ ನನಗ ಏನೂ ಅನಿಸ್ಲಿಲ್ಲ. ಕನ್ವೇಯರ್ ಮುಂದ ಇಬ್ಬರ ಇರ್ತಿದ್ವಿ, ನಾನು, ಈರಣ್ಣ. ಒಬ್ಬಾಂವ ಉಂಡು ಬಂದ ಮ್ಯಾಲ ಇನ್ನೊಬ್ಬಾಂವ ಹೋಗಬೇಕು. ನಾ ಸಾವಕಾಶ ಉಂಡ್ರ ಅಂವ ಅಲ್ಲೇ ಹಸಗೊಂಡು ನಿಂತಿರ್ತಿದ್ದ. ಅಂವನ ಮಾರಿ ಕಣ್ಣಮುಂದ ಇರ್ತಿತ್ತು, ಅದಕ್ಕ ನುಂಗ್ತಿದ್ದೆ. ನೀ ರೊಟ್ಟಿ ತೋರಿಸ್ದಿ, ತಂಬಿಗಿ ತೋರಿಸ್ದಿ, ತೇಗು ತೋರಿಸ್ದಿ. ಈರಣ್ಣನ ತೋರಿಸ್ಲಿಲ್ಲ."

ಈರಣ್ಣನನ್ನು ನಾನು ನೋಡಿಯೇ ಇರಲಿಲ್ಲ, ಕೇಳಿಯೂ ಇರಲಿಲ್ಲ.

"ನಿನ್ನ ಹೊಟ್ಟಿ ಹೆಂಗದ?" ಎಂದು ಅವನೇ ಕೇಳಿದ.

"ಇಳದದ. ಸಾವಕಾಶ ಉಣ್ಣಾಕತ್ತೀನಿ. ನಿಂದು?"

"ನಂದೂ ಉಬ್ಬತದ, ಹತ್ತು ವರ್ಷಾತು. ಅದಕ್ಕ ರೊಟ್ಟಿ ಕಡಿಮಿ ಮಾಡ್ದೆ. ನಾ ಲುಂಗಿ ಉಡತೀನಿ, ಯಾರಿಗೂ ಗೊತ್ತಾಗಂಗಿಲ್ಲ." ಕಟ್ಟೆಯ ಸಂದಿಯಿಂದ ಒಂದು ಸಣ್ಣ ಡಬ್ಬಿ ತೆಗೆದ. ಒಳಗೆ ಉಬ್ಬರಕ್ಕೆಂದು ಅಗಿಯುವ ಓಂಕಾಳು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಹೊಟ್ಟೆಯನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ತಿರುಗಿದ್ದೆವು.

ಆಮೇಲೆ ಅಪ್ಪ ಎದ್ದುನಿಂತ. "ನಿಂದೂ ಒಂದು ತೋರಿಸ್ಲೇನು?" ಎಂದ. ನಾನು ತಿಳಿಯುವ ಮೊದಲೇ ಅವನ ಹೊಟ್ಟೆ ಮುಂದೆ ಬಂತು, ಒಂದು ಕೈ ಸೊಂಟಕ್ಕೆ ಹೋಯಿತು, ಇನ್ನೊಂದು ಕಿವಿಗೆ. "ಹಾಂ ಸರ್, ಬರ್ತೀನಿ ಸರ್, ಮಲ್ಲಟದಾಗ ಪಾರ್ಟಿ ಪಕ್ಕಾ ಅದ ಸರ್." ಹೇಳುತ್ತಲೇ ಎದುರಿಗೆ ಯಾರೋ ಹುಡುಗಿ ಬಂದಂತೆ ಹೊಟ್ಟೆಯನ್ನು ಒಳಗೆ ಎಳೆದು, ಉಸಿರು ಕಟ್ಟಿ, ಅವಳು ದಾಟಿದ ಮೇಲೆ ಪುಸ್ಸೆಂದು ಬಿಟ್ಟ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಈ ವಿದ್ಯೆ ನನ್ನದೇ ಎಂದು ಬೀಗುತ್ತಿದ್ದೆನಲ್ಲ, ಅದೂ ಅವನದೇ. ಬಾಯಿಯ ತುತ್ತು ಮೂಗಿಗೆ ಬರುವಂತೆ ನಕ್ಕೆ. ಅಪ್ಪ ಬೆನ್ನು ತಟ್ಟಿ, "ಅಗದು ನುಂಗಲೇ," ಎಂದ.

ಮರುದಿನ ಅವನ ಗಂಗಾಳ ಒಳಗೆ ಬಂತು. ನಾನು ಖಾಲಾರ ಮನೆಯ ಕಾಯಿದೆ ಹೇಳಿದೆ, ಒಬ್ಬ ನುಂಗುವವರೆಗೆ ಇನ್ನೊಬ್ಬನ ಕೈ ಏಳಬಾರದು. ಅಪ್ಪ ಹಟಕ್ಕೆ ಬಿದ್ದು ಅಗಿದ. ನಾನೂ ಬಿಡಲಿಲ್ಲ. ಒಂದು ರೊಟ್ಟಿ, ಸ್ವಲ್ಪ ಪುಂಡಿಪಲ್ಯ, ಅರ್ಧ ತಾಸಾಯಿತು. ಹೊಟ್ಟೆ ಇಷ್ಟು ಸುಮ್ಮನಿದ್ದದ್ದು ಇಬ್ಬರಿಗೂ ನೆನಪಿರಲಿಲ್ಲ.

ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿ, "ಅಪ್ಪ ಮಗ ಹಿಂಗ ತಾಸುಗಟ್ಟಲೆ ಕುಂತ್ರ ನಾ ಯಾವಾಗ ಉಣ್ಣಲಿ?" ಎಂದಳು.

ಅಪ್ಪನ ಕೈ ಗಂಗಾಳದ ಮೇಲೆ ಹಾಗೆಯೇ ನಿಂತಿತು. ಅವಳನ್ನು ನೋಡಿದ. ಆಮೇಲೆ ಒಂದು ಮೊಳ ಸರಿದು ಜಾಗ ಮಾಡಿದ.

"ಬಾ, ಕುಂದ್ರು."

"ಬಡಸೋರು ಯಾರು?"

"ಬುಟ್ಟಿ ಇಲ್ಲೇ ಇಡು. ಕೈ ಅದಾವ ಎಲ್ಲಾರಿಗೂ."

ಅವ್ವ ಬುಟ್ಟಿಯನ್ನು ನಡುವೆ ಇಟ್ಟು ಕೂತಳು. ಗೋಡೆಯ ಕಡೆ ಒಂಚೂರು ತಿರುಗಿ, ರೊಟ್ಟಿಯನ್ನು ಸದ್ದಾಗದಂತೆ ಮುರಿದು, ತುದಿಗೆ ಶೇಂಗಾ ಹಿಂಡಿಯ ಪುಡಿ ಹಚ್ಚಿಕೊಂಡು ಬಾಯಿಗಿಟ್ಟುಕೊಂಡಳು. ಕಣ್ಣು ಅರ್ಧ ಮುಚ್ಚಿದವು. ನಾನು ಉಣ್ಣುವುದು ಬಿಟ್ಟು ನೋಡುತ್ತಿದ್ದೆ. ಮಾನ್ವಿಯಿಂದ ದೇವದುರ್ಗದವರೆಗೆ ಯಾರು ಹೇಗೆ ಉಣ್ಣುತ್ತಾರೆಂದು ಮಾಡಿ ತೋರಿಸಬಲ್ಲ ನನಗೆ ಇದು ಗೊತ್ತಿರಲಿಲ್ಲ.

"ಏನ್ ನೋಡ್ತಿ? ನನ್ನೂ ಮಂದಿ ಮುಂದ ಮಾಡಿ ತೋರಿಸ್ತಿಯೇನು?"

"ನನಗ ಬರೂದಿಲ್ಲ ಯವ್ವಾ. ಇನ್ನ ಕಲೀಬೇಕು."

"ಹಂಗಾರ ಬಾಯಿ ಮುಚಗೊಂಡು ಕಲಿ," ಎಂದು ಅವ್ವ ಎರಡನೆಯ ತುತ್ತು ಮುರಿದಳು.